ಎಳ್ಳಮಾವಾಸ್ಯೆಗೆ ಅರ್ಧ ಲೋಟ ನೀರು

ಧಾರವಾಡದ ನಮ್ಮ ಮನೆಯ ದಕ್ಷಿಣದ ಕಿಟಕಿಯಲ್ಲಿ ಹನ್ನೊಂದು ಕುಂಡಗಳಿವೆ. ಐದರಲ್ಲಿ ಸ್ಟೆಪೀಲಿಯಾ, ನಾಲ್ಕರಲ್ಲಿ ಹುಯರ್ನಿಯಾ, ಎರಡರಲ್ಲಿ ಓರ್ಬಿಯಾ. ಅಂಗಳದಲ್ಲಿ ಇಡಬಹುದಿತ್ತು. ಆದರೆ ನಮ್ಮ ಓಣಿಯ ಮಂಗಗಳು ಕುಂಡದಲ್ಲಿ ಇದ್ದುದನ್ನು ಕಿತ್ತು, ಒಮ್ಮೆ ಕಚ್ಚಿ ನೋಡಿ, ರುಚಿ ಹಿಡಿಸದಿದ್ದರೆ ಬಿಸಾಡಿ ಹೋಗುತ್ತವೆ. ಹಿಡಿಸಿದರೆ ಬಿಸಾಡಲೂ ಏನೂ ಉಳಿಯುವುದಿಲ್ಲ. ಹಾಗಾಗಿ ಎಲ್ಲವೂ ಒಳಗೆ. ಎಲೆಯಿಲ್ಲದ, ಏಣುಗಳಿರುವ, ಬೆರಳುಗಾತ್ರದ ಈ ಕಾಂಡಗಳನ್ನು ನೋಡಿದವರು ಕಳ್ಳಿ ಎಂದೇ ಕರೆಯುತ್ತಾರೆ. ಇವು ಎಕ್ಕ, ಕಣಗಿಲೆಗಳ ಬಳಗದವು. ತವರು ದಕ್ಷಿಣ ಆಫ್ರಿಕಾದ ಕಡೆ.

ಮೊದಲ ಎರಡು ಚಳಿಗಾಲಗಳಲ್ಲಿ ಏಳು ಗಿಡ ಕಳೆದುಕೊಂಡೆ. ಒಂದು ವರ್ಷ ಹೆಚ್ಚು ನೀರು ಕೊಟ್ಟು, ಮರುವರ್ಷ ಕೊಡದೆ.

ಮೊದಲನೆಯದರಲ್ಲಿ ಅವ್ವನ ಪಾಲೂ ಸ್ವಲ್ಪ ಇದೆ. ಅಣ್ಣಿಗೇರಿ ಕಡೆಯ ನಮ್ಮ ಹೊಲದಿಂದ ಒಂದು ಚೀಲ ಎರೆಮಣ್ಣು ತರಿಸಿ, ‘ಬಂಗಾರದಂಥ ಮಣ್ಣು, ಹಾಕು’ ಎಂದಿದ್ದಳು. ಅರ್ಧಕ್ಕರ್ಧ ಬೆರೆಸಿದೆ. ದೀಪಾವಳಿ ಕಳೆದ ಮೇಲೆ ಕುಂಡದ ಮೇಲ್ಪದರ ಒಣಗಿ ಬಿರುಕು ಬಿಟ್ಟಿತು. ಬಾಯಾರಿದೆ ಎಂದುಕೊಂಡು ಭಾನುವಾರಕ್ಕೊಮ್ಮೆ ತಪ್ಪದೆ ನೀರು ಹಾಕಿದೆ. ಡಿಸೆಂಬರ್ ನಡುವೆ ದೊಡ್ಡ ಸ್ಟೆಪೀಲಿಯಾದ ಬುಡ ಕಪ್ಪಾಯಿತು. ಬೆರಳಿನಿಂದ ಒತ್ತಿದರೆ ನೀರು ಜಿನುಗಿತು. ಕುಂಡ ಬೋರಲು ಹಾಕಿದಾಗ ತಳದ ಮಣ್ಣು ನಾದಿಟ್ಟ ಹಿಟ್ಟಿನಂತೆ ಉಂಡೆಯಾಗಿ ಬಿತ್ತು. ಅವ್ವ ಅದನ್ನು ಹಿಚುಕಿ ನೋಡಿ ನಕ್ಕಳು: ‘ಹಿಂಗಾರಿ ಜೋಳ ಮಳೆಯಿಲ್ಲದೆ ಹೇಗೆ ಬರುತ್ತದೆ ಎಂದುಕೊಂಡಿದ್ದೀ? ಎರೆ ಮೇಲೆ ಬಿರಿದರೂ ಅದರ ಹೊಟ್ಟೆಯಲ್ಲಿ ನೀರು ಇರುತ್ತದೆ.’ ಜೋಳದ ಬೇರು ಆ ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಸ್ಟೆಪೀಲಿಯಾದ ಬೇರುಗಳು ಕೂದಲಿನಷ್ಟು ತೆಳು, ಮೇಲಿನ ಎರಡು ಮೂರು ಅಂಗುಲದಲ್ಲೇ ಹರಡಿಕೊಳ್ಳುತ್ತವೆ. ಕೆಳಗಿನ ಕೆಸರು ಅವುಗಳಿಗೆ ಯಾವ ಉಪಯೋಗಕ್ಕೂ ಇಲ್ಲ, ತಂಪಿನಲ್ಲಿ ಕೊಳೆಸುತ್ತದೆ ಅಷ್ಟೆ.

ಮರುವರ್ಷ ಮಣ್ಣು ಬದಲಿಸಿದೆ. ಜರಡಿ ಹಿಡಿದ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಎರಡು ಪಾಲು, ದಪ್ಪ ಮರಳು ಒಂದು ಪಾಲು, ಕಡಲೆಕಾಳಿನಷ್ಟು ದಪ್ಪಗೆ ಕುಟ್ಟಿದ ಇಟ್ಟಂಗಿ ಚೂರು ಒಂದು ಪಾಲು, ಪೂರ್ತಿ ಕಳಿತ ಗೊಬ್ಬರ ಒಂದು ಪಾಲು. ಈಗಲೂ ಅದೇ. ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ ತಂದೆ. ಇಷ್ಟೆಲ್ಲ ಮಾಡಿ, ‘ಚಳಿಗಾಲದಲ್ಲಿ ನೀರು ಪೂರ್ಣ ನಿಲ್ಲಿಸಿ’ ಎಂದು ಎಲ್ಲೋ ಓದಿದ್ದನ್ನು ಅಕ್ಷರಶಃ ಪಾಲಿಸಿದೆ. ಆ ಮಾತು ಹಿಮ ಬೀಳುವ ಊರುಗಳಿಗೆ ಸರಿ. ಅಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಕುಂಡಕ್ಕೆ ಹಾಕಿದ ನೀರು ಹಾಗೆಯೇ ನಿಲ್ಲುತ್ತದೆ. ನಮ್ಮಲ್ಲಿ ರಾತ್ರಿ 13–14 ಡಿಗ್ರಿಗೆ ಇಳಿದರೂ ಮಧ್ಯಾಹ್ನ 28–30ಕ್ಕೆ ಏರುತ್ತದೆ. ಜೊತೆಗೆ ತುಟಿ ಒಡೆಸುವ ಮೂಡಗಾಳಿ. ಸಂಕ್ರಾಂತಿಯ ಹೊತ್ತಿಗೆ ಕಾಂಡಗಳು ಬ್ಯಾಡಗಿ ಮೆಣಸಿನಕಾಯಿಯಂತೆ ಸುಕ್ಕುಗಟ್ಟಿದವು. ಗಾಬರಿಯಾಗಿ ಕುಂಡ ತುಂಬ ನೀರು ಹಾಕಿದೆ. ಹತ್ತು ದಿನದಲ್ಲಿ ನಾಲ್ಕು ಗಿಡಗಳ ಬುಡ ಕರಗಿತು. ಕಿತ್ತು ನೋಡಿದಾಗ ತಿಳಿಯಿತು: ಬೇರುಗಳು ಆಗಲೇ ಒಣಗಿ ಸತ್ತಿದ್ದವು. ಸತ್ತ ಬೇರು ನೀರು ಕುಡಿಯುವುದಿಲ್ಲ. ತಾನು ಕೊಳೆತು, ಆ ಕೊಳೆಯನ್ನು ಕಾಂಡಕ್ಕೂ ದಾಟಿಸುತ್ತದೆ.

ಅಂದಿನಿಂದ ನನ್ನ ಲೆಕ್ಕ ಹಬ್ಬಗಳ ಮೇಲೆ ನಡೆಯುತ್ತದೆ. ತಳದ ತೂತಿನಿಂದ ಹರಿಯುವಷ್ಟು ನೀರು ದೀಪಾವಳಿಗೆ ಕೊನೆ. ಅಲ್ಲಿಂದ ಶಿವರಾತ್ರಿಯವರೆಗೆ ಮೂರು ವಾರಕ್ಕೊಮ್ಮೆ, ಐದಂಗುಲದ ಕುಂಡಕ್ಕೆ ಅರ್ಧ ಚಹಾ ಲೋಟ, ಅಂದರೆ 60 ಮಿಲಿಲೀಟರ್ ಆಸುಪಾಸು. ಕಾಂಡಗಳ ನಡುವೆ ಸುರಿಯದೆ ಕುಂಡದ ಅಂಚಿನ ಸುತ್ತ ಹಾಕುತ್ತೇನೆ. ಬೇರು ಜೀವ ಹಿಡಿದಿರಲು ಅಷ್ಟು ಸಾಕು. ಹುಯರ್ನಿಯಾದ ಕಾಂಡ ಸಣ್ಣದು, ಅದಕ್ಕೆ ಎರಡು ವಾರಕ್ಕೊಮ್ಮೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೊರಡುವ ಮೊದಲು ಈ ಕೆಲಸ ಮುಗಿಸುತ್ತೇನೆ; ‘ನಿನ್ನ ಹೊಲದ ಚರಗ ಆಯಿತೇ?’ ಎಂದು ಅವ್ವ ಕೇಳುತ್ತಾಳೆ.

ತಾರೀಖು ಬಂದರೂ ಮೊದಲು ಕಸಬರಿಗೆಯ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯುತ್ತೇನೆ. ಮಣ್ಣು ಅಂಟಿದ್ದರೆ ಆ ಕುಂಡದ ಸರದಿ ಮುಂದಕ್ಕೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಇಲ್ಲಿ ಮೂರು ದಿನ ಮೋಡ ಕವಿದರೂ ಮುಂದಕ್ಕೆ. ನೀರು ಹಾಕುವುದು ಬೆಳಿಗ್ಗೆ ಹತ್ತರ ನಂತರ, ಕಿಟಕಿಗೆ ಬಿಸಿಲು ಬಂದ ಮೇಲೆ. ಮೇಲ್ಮಣ್ಣು ರಾತ್ರಿಯ ಚಳಿಗೆ ಮೊದಲು ಆರಬೇಕು. ಕೊಳವೆಬಾವಿಯ ಗಡಸು ನೀರು ಕುಂಡದ ಮೇಲೆ ಬಿಳಿ ಉಪ್ಪು ಕಟ್ಟಿಸುತ್ತದೆ ಎಂದು ನಳದ ನೀರನ್ನೇ ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ನಳ ಬರುವ ದಿನದ ಮೇಲೆ ನಮ್ಮದೇ ಸ್ನಾನ ನಿಂತಿರುವಾಗ ಇವು ಇಷ್ಟು ಕಡಿಮೆ ಕುಡಿಯುವುದು ಒಳ್ಳೆಯದೇ.

ಬೆಳಕಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಬಿಸಿಲು ಕಿಟಕಿ ದಾಟಿ ಕೋಣೆಯೊಳಗೂ ಚಾಚುತ್ತದೆ. ಮೇ ತಿಂಗಳಲ್ಲಿ ಕಿಟಕಿಯ ಅಂಚನ್ನೂ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ. ಕಾಂಡದ ಮೇಲೆ ಕೆಂಪು ಛಾಯೆ ಬಂದರೆ ಅದು ಬಿಸಿಲು-ಚಳಿಯ ಗುರುತು, ರೋಗವಲ್ಲ. ಗೊಬ್ಬರವನ್ನೂ ಕುಂಡ ಬದಲಿಸುವುದನ್ನೂ ಚಳಿ ಮುಗಿಯುವವರೆಗೆ ಮುಟ್ಟುವುದಿಲ್ಲ.

ಒಂದು ವಿನಾಯಿತಿ ಉಂಟು. ದೀಪಾವಳಿಯ ಆಸುಪಾಸಿನಲ್ಲಿ ದೊಡ್ಡ ಸ್ಟೆಪೀಲಿಯಾ ಮೊಗ್ಗು ಹಿಡಿದು ಬಲೂನಿನಂತೆ ಉಬ್ಬಿರುತ್ತದೆ. ಆಗ ನೀರು ಕಡಿತ ಮಾಡಿದರೆ ಮೊಗ್ಗು ಒಣಗಿ ಉದುರುತ್ತದೆ. ಅರಳಿದರೆ ಸತ್ತ ಇಲಿಯ ವಾಸನೆ. ನೊಣಗಳು ಮಾಂಸವೆಂದು ಮೋಸಹೋಗಿ ಹೂವಿನಲ್ಲಿ ಮೊಟ್ಟೆಯನ್ನೂ ಇಡುತ್ತವೆ. ಆ ಎರಡು ಮೂರು ದಿನ ಕುಂಡಕ್ಕೆ ಹಿತ್ತಿಲಿನ ಗ್ರಿಲ್ಲಿನೊಳಗೆ ವಾಸ.

ಚಳಿಗಾಲದ ಇನ್ನೊಂದು ಕಾಟ ಹಿಟ್ಟು ತಿಗಣೆ ಎಂಬ ರಸ ಹೀರುವ ಬಿಳಿ ಕೀಟ. ಒಣ ಮಣ್ಣಿನಲ್ಲಿ ಅದು ಬೇರಿಗೂ ಇಳಿಯುತ್ತದೆ. ಸರಿಯಾಗಿ ನೀರು ಕೊಟ್ಟರೂ ಒಂದೇ ಗಿಡ ಸುಕ್ಕಾದರೆ ಕುಂಡದಿಂದ ಬಿಡಿಸಿ ನೋಡುತ್ತೇನೆ. ಬೇರಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕುತ್ತೇನೆ. ಚಳಿಯಲ್ಲಿ ಕುಂಡ ಬದಲಿಸುವುದು ಈ ಒಂದೇ ಕಾರಣಕ್ಕೆ. ಕಾಂಡದ ಸಂದಿಯಲ್ಲಿ ಕೂತದ್ದನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು.

ಹೋದ ಡಿಸೆಂಬರಿನಲ್ಲಿ ಒಂದು ಓರ್ಬಿಯಾದ ಬುಡ ಕಪ್ಪಾಯಿತು. ಸ್ಪಿರಿಟ್ಟಿನಲ್ಲಿ ಒರೆಸಿದ ಚಾಕುವಿನಿಂದ ಚೂರು ಚೂರಾಗಿ ಕೊಯ್ಯುತ್ತಾ ಮೇಲೆ ಹೋದೆ, ಪ್ರತಿ ಕೊಯ್ತಕ್ಕೂ ಚಾಕು ಒರೆಸುತ್ತಾ. ಕಂದು ಚುಕ್ಕೆ ಒಂದೂ ಉಳಿಯದೆ ತಿಳಿಹಸಿರು ತಿರುಳು ಕಾಣುವ ಹೊತ್ತಿಗೆ ಕೈಯಲ್ಲಿ ಮೂರಂಗುಲ ಉಳಿದಿತ್ತು. ಅವ್ವ ಬಗ್ಗಿ ನೋಡಿ, ‘ಎಕ್ಕದ ಬಳಗ ಎನ್ನುತ್ತೀ, ಹಾಲೆಲ್ಲಿದೆ?’ ಎಂದಳು. ನಿಜ, ಇವುಗಳ ರಸ ನೀರಿನಂತೆ ತಿಳಿ. ತುಂಡನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಗಾಯ ಒಣಗಲೆಂದು ಫ್ರಿಜ್ಜಿನ ಮೇಲೆ ಇಟ್ಟೆ. ಒಂದು ವಾರ ಸಾಕಿತ್ತು, ನಾನು ಮರೆತೇಬಿಟ್ಟೆ. ಶಿವರಾತ್ರಿಗೆ ಮನೆ ಗುಡಿಸುವಾಗ ಅವ್ವ ಬಿಸಾಡಲೆಂದು ಹಾಳೆ ಬಿಡಿಸಿದರೆ, ಸುಕ್ಕಾಗಿ ಅರ್ಧವಾಗಿದ್ದ ತುಂಡಿನ ಅಡಿಯಲ್ಲಿ ಸಾಸಿವೆಯಷ್ಟು ದಪ್ಪದ ಎರಡು ಬಿಳಿ ಬೇರಿನ ಮೊಳಕೆಗಳಿದ್ದವು. ಒಣ ಗರಸಿನ ಮೇಲೆ ಅಡ್ಡಲಾಗಿ ಮಲಗಿಸಿದೆ. ಹೋಳಿಯ ಬೆಳಿಗ್ಗೆ, ಓಣಿಯ ಹುಡುಗರು ಬಣ್ಣದ ಬಕೀಟು ಹಿಡಿದು ಬರುವ ಮೊದಲು, ಅದಕ್ಕೆ ಎರಡು ಚಮಚ ನೀರು ಹಾಕಿದೆ.