ತಿದಿ ಒತ್ತಿದ ಎಡಗೈಗೆ ಪಿಯಾನೋ ಕಲಿಸಿದ್ದು: ನನ್ನ ಅನುಭವ

ನಲವತ್ತೈದು ದಾಟಿದವರ ಎಡಗೈ ಪಿಯಾನೋ ಮೇಲೆ ತಾನಾಗಿ ಓಡುವುದಿಲ್ಲ ಎಂದು ಚಿಕ್ಕಮಗಳೂರಿನ ನಮ್ಮ ಭಜನಾ ಮಂಡಳಿಯವರೂ ಹೇಳಿದ್ದರು, ಕಲಿಸುತ್ತಿದ್ದ ಮೇಷ್ಟರೂ ಹೇಳಿದ್ದರು. ಕಳೆದ ವರ್ಷ ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಪಿಯಾನೋ ಪರೀಕ್ಷೆಯ ಮೂರನೇ ಗ್ರೇಡ್ ಮುಗಿಸಿದೆ. ಅಲ್ಲಿ ನೂರಕ್ಕೆ 75 ಅಂಕ ಬಂದರೆ ಮೆರಿಟ್. ನನಗೆ 80ರ ಆಸುಪಾಸು ಬಂತು.

ಹಾರ್ಮೋನಿಯಂನಿಂದ ಪಿಯಾನೋಗೆ ಬಂದ ನನ್ನಂಥವರ ತೊಡಕು ಇದು. ಎಡಗೈ ಇಪ್ಪತ್ತು ವರ್ಷ ತಿದಿ ಒತ್ತಿದೆಯೇ ಹೊರತು ಒಂದು ಸ್ವರ ನುಡಿಸಿಲ್ಲ. ಬಲಗೈಗೆ ಬೆರಳಿನ ಭಾರದ ಲೆಕ್ಕವೇ ಇಲ್ಲ, ಅಲ್ಲಿ ದನಿಯ ಏರಿಳಿತವೆಲ್ಲ ಗಾಳಿಯದು. ಹತ್ತು ಸಾವಿರ ರೂಪಾಯಿಗೆ ಕೊಂಡ, 61 ಕೀಗಳ ಕೀಬೋರ್ಡ್ ಇದಕ್ಕೆ ಉಪಯೋಗವಾಗಲಿಲ್ಲ. ಅರ್ಧ ಬೆಲೆಗೆ ಹೋಯಿತು. ಬೆಂಗಳೂರಿನಿಂದ ಹಳೆಯ ಅಪ್‌ರೈಟ್ (ನೆಟ್ಟಗೆ ನಿಲ್ಲುವ ಮರದ ಪಿಯಾನೋ) ತರಿಸಿದೆ, ಲಾರಿ ಬಾಡಿಗೆಯೂ ಸೇರಿ ಎಂಬತ್ತು ಸಾವಿರದ ಹತ್ತಿರ. ನಮ್ಮ ಮಳೆಗೆ ಮರ ಉಬ್ಬಿ ಕೀಗಳು ಒತ್ತಿದಲ್ಲೇ ನಿಂತವು. ಶ್ರುತಿ ಸರಿಮಾಡುವ ಟ್ಯೂನರ್ ಒಮ್ಮೆ ಬಂದು ಹೋದರೆ ಐದಾರು ಸಾವಿರ. ಎರಡು ಮಳೆಗಾಲ ಕಂಡು ಅದನ್ನೂ ಮಾರಿ, ಐವತ್ತು ಸಾವಿರದೊಳಗೆ ಒತ್ತಿದರೆ ಭಾರ ಕೊಡುವ 88 ಕೀಗಳ ಡಿಜಿಟಲ್ ಪಿಯಾನೋ ತಂದೆ. ಮಳೆನಾಡಿಗೆ ಅದೇ ಸರಿ.

ಮೇಷ್ಟರ ಕ್ರಮ ರಾತ್ರಿ ಒಂದು ಗಂಟೆ, ಮೊದಲಿನಿಂದ ಕೊನೆಯವರೆಗೆ. ತಿಂಗಳುಗಟ್ಟಲೆ ಮಾಡಿದರೂ ಮೊದಲ ನಾಲ್ಕು ಸಾಲು ನಯವಾಯಿತು, ಉಳಿದದ್ದು ಇದ್ದ ಹಾಗೇ ಇತ್ತು. ಅದನ್ನು ಬಿಟ್ಟು ದಿನಕ್ಕೆ ಮೂರು ಸಲ, ಹದಿನೈದು ನಿಮಿಷ ಕುಳಿತೆ. ಒಂದು ಕೂರಿಕೆಗೆ ಎರಡೇ ಬಾರ್ (ತಾಳದ ಆವರ್ತದಂಥ ತುಂಡು), ಜೊತೆಗೆ ಮುಂದಿನ ಬಾರಿನ ಮೊದಲ ಸ್ವರ. ಆರಂಭ ಕೃತಿಯ ಕೊನೆಯಿಂದ. ಎಡಗೈ ನುಡಿಸುತ್ತಾ ಬಲಗೈಯ ಸಾಲನ್ನು ಬಾಯಲ್ಲಿ ಹಾಡುತ್ತೇನೆ. ಹಾಡಲು ಬಂದರೆ ಎರಡೂ ಕೈ ಕೂಡಿಸುವುದು ಸಲೀಸು. ಬಡಿತ ಎಣಿಸುವ ಮೆಟ್ರೊನೋಮ್‌ನ ವೇಗ ಏರಿಸುವುದಿಲ್ಲ. ಅದು ನಿಮಿಷಕ್ಕೆ 50ರಲ್ಲೇ ಇರುತ್ತದೆ, ನಾನು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಹಾಗೆ ಮೂರು ಕಾಲದಲ್ಲಿ, ಅಂದರೆ ಅದೇ ಬಡಿತಕ್ಕೆ ಒಂದು, ಎರಡು, ನಾಲ್ಕು ಸ್ವರದಂತೆ ನುಡಿಸುತ್ತೇನೆ. ಮೂರನೇ ಕಾಲ ಮುರಿದರೆ ಅಲ್ಲಿಗೇ ಎದ್ದುಬಿಡಬೇಕು. ಹೆಚ್ಚಿನ ಸಲ ಮಾರನೆಯ ಬೆಳಿಗ್ಗೆ ಅದು ಕೈಗೆ ಬಂದಿರುತ್ತದೆ. ಅರೇಬಿಕಾ ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆ ಹತ್ತು ನಿಮಿಷವಷ್ಟೇ ಸಿಕ್ಕರೂ ಕಲಿತದ್ದು ಉಳಿಯಿತು.

ನಾಲ್ಕನೇ ಬೆರಳಿಗೆ (ಉಂಗುರದ ಬೆರಳು) ನಾನೇ ಕಂಡುಕೊಂಡ ಕಸರತ್ತೊಂದಿದೆ. ಬರೆದರೆ ತಪ್ಪಾಗಿ ಮಾಡಿ ಕೈ ನೋಯಿಸಿಕೊಳ್ಳುತ್ತಾರೆ. ಎದುರು ಕುಳಿತವರಿಗೆ ಮಾತ್ರ ತೋರಿಸುತ್ತೇನೆ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಸಿ ಕೀಯನ್ನು ಷಡ್ಜ (ಸ) ಮಾಡಿಕೊಂಡು ಮಾಯಾಮಾಳವಗೌಳ ರಾಗವನ್ನು ಎರಡೂ ಕೈಯಲ್ಲಿ ಎದುರುಬದುರು ದಿಕ್ಕಿಗೆ ನುಡಿಸಿ: ಬಲಗೈ ಸ ರಿ ಗ ಮ ಏರಲಿ, ಎಡಗೈ ಸ ನಿ ದ ಪ ಇಳಿಯಲಿ. ಪ್ರತಿ ಹೆಜ್ಜೆಯ ಅಂತರ ಎರಡೂ ಕಡೆ ಒಂದೇ! ಸಿ ಮೇಜರ್ ಸ್ವರಶ್ರೇಣಿಗೆ ಹಾಕುವ ಬೆರಳುಗಳೇ ಸಾಕು, ಬಲಗೈ ಮಧ್ಯಮಕ್ಕೂ ಎಡಗೈ ಪಂಚಮಕ್ಕೂ ಬರುವಾಗ ಹೆಬ್ಬೆರಳುಗಳು ಒಟ್ಟಿಗೇ ದಾಟುತ್ತವೆ. ಶಂಕರಾಭರಣ ರಾಗದಲ್ಲಿ ಈ ಹೊಂದಿಕೆ ಸಿಗದು. ಗಮಕಕ್ಕೂ (ಸ್ವರವನ್ನು ಓಲಾಡಿಸುವುದು) ಕೈ ಹಾಕಿದೆ; ಕೀಯ ಮೇಲೆ ಅದು ಹುಟ್ಟುವುದಿಲ್ಲ, ಬಿಟ್ಟೆ. ಜೋಡಿ ಸ್ವರಗಳ ಪಾಠವಾದ ಜಂಟಿ ವರಸೆ ಇದೇ ರೀತಿಯಲ್ಲಿ ಎರಡನೇ ಕಾಲದವರೆಗೆ ಬಂದಿದೆ. ಮೂರನೆಯದು ಈ ಮಳೆಗಾಲದ ಕೆಲಸ.