ಸಂತೆಯ ಪೊಟ್ಟಣ ಬಿಡಿಸಲು ಎಂಟು ತಿಂಗಳು

ಆಳಂದ ಕಡೆಯ ಆಯಿಯೊಬ್ಬರು ಶುಗರ್ ತೋರಿಸಲು ಮಗನ ಜೊತೆ ಬಂದಿದ್ದರು. ಕಲಬುರಗಿಯ ನನ್ನ ಓಪಿಡಿಯಲ್ಲಿ ಶುಗರ್ ಪೇಷಂಟುಗಳೇ ಜಾಸ್ತಿ, ಹಾಗಾಗಿ ಮೊದಲು ರಿಪೋರ್ಟ್ ನೋಡಿದೆ, ಮುಖ ಆಮೇಲೆ. ಮುಖ ಉಬ್ಬಿದ ರೊಟ್ಟಿಯಂತೆ ದುಂಡಗಿತ್ತು. ಹೊಟ್ಟೆ ದಪ್ಪ, ಕೈಕಾಲು ಕಡ್ಡಿ. ಬಳೆ ತಾಗಿದಲ್ಲೆಲ್ಲ ಮುಂಗೈ ಮೇಲೆ ನೇರಳೆ ಕಲೆ.

"ಕೈ ಊರದಂಗ ಏಳ್ರಿ ಆಯಿ" ಅಂದೆ. ಎರಡು ಸಲ ನೋಡಿದರು, ಆಗಲಿಲ್ಲ. ತೊಡೆಯಲ್ಲಿ ಕಸುವೇ ಇರಲಿಲ್ಲ.

ಇದು ಕುಶಿಂಗ್ ಸಿಂಡ್ರೋಮ್. ಕಿಡ್ನಿಗಳ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಕಾರ್ಟಿಸಾಲ್, ಅಂದರೆ ಮೈಯೇ ತಯಾರಿಸುವ ಸ್ಟಿರಾಯ್ಡ್ ಹಾರ್ಮೋನ್, ಜಾಸ್ತಿಯಾದರೆ ಬರುತ್ತದೆ, ಹೊರಗಿನಿಂದ ಸ್ಟಿರಾಯ್ಡ್ ಸೇರಿದರೂ ಬರುತ್ತದೆ. ನಾನು ನೋಡುವುದು ಬಹುಪಾಲು ಎರಡನೆಯದು.

"ಬ್ಯಾರೆ ಗುಳಿಗಿ ತಗೋತೀರೇನು?" ಅಂದರೆ "ಇಲ್ರಿ". "ಮೊಣಕಾಲು ನೋವಿಗೆ ಏನು ಮಾಡ್ತೀರಿ?" ಅಂದಾಗ ಸೆರಗಿನ ಗಂಟು ಬಿಚ್ಚಿ ಪೇಪರಿನ ಪೊಟ್ಟಣ ಇಟ್ಟರು. "ಗುಳಿಗಿ ಅಲ್ರಿ ಇದು, ಪುಡಿ ಅದ. ಸಂತ್ಯಾಗ ಕೊಡ್ತಾರ. ಹೋದ ವರ್ಷ ಇದನ್ನ ತಗೊಂಡೇ ತೊಗರಿ ಕೊಯ್ದೀನ್ರಿ." ಎರಡು ವರ್ಷದಿಂದ, ದಿನಾ ಒಂದು.

ಬೆಳಗ್ಗೆ 8ಕ್ಕೆ ರಕ್ತ ತೆಗೆಸಿದೆ. ಕಾರ್ಟಿಸಾಲ್ 1 ಮೈಕ್ರೋಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ. ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದ್ದರೆ ಗ್ರಂಥಿ ತಾನು ತಯಾರಿಸುವುದನ್ನು ಬಿಡುತ್ತದೆ. ಮುಖ ಹುಣ್ಣಿಮೆ, ರಿಪೋರ್ಟ್ ಅಮಾಸೆ. ಪುಡಿಯಲ್ಲಿ ಸ್ಟಿರಾಯ್ಡ್ ಇದೆ, ಗ್ರಂಥಿ ಕೆಲಸ ಬಿಟ್ಟು ಮಲಗಿದೆ ಅನ್ನುವುದಕ್ಕೆ ಇಷ್ಟು ಸಾಕು. ಹೊರಗಿನ ಔಷಧಿ ಏನೂ ಇಲ್ಲದಿದ್ದರೆ ದಾರಿ ಬೇರೆ: ರಾತ್ರಿ 11ಕ್ಕೆ 1 ಮಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟು ಬೆಳಗ್ಗೆ ಕಾರ್ಟಿಸಾಲ್ ನೋಡುತ್ತೇವೆ. 1.8ಕ್ಕಿಂತ ಮೇಲಿದ್ದರೆ ಮುಂದಿನ ಪರೀಕ್ಷೆ. ಅಡ್ರಿನಲ್‌ಗೆ ಆಜ್ಞೆ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಸಿಕ್ಕರೆ ಮೂಗಿನ ಮೂಲಕ ಆಪರೇಷನ್.

ಮಗನಿಗೆ ಸಿಟ್ಟು ಬಂತು, ಪೊಟ್ಟಣ ಕಸದ ಬುಟ್ಟಿಗೆ ಹಾಕಲು ಹೋದ. ತಡೆದೆ. ಹೊಸದರಲ್ಲಿ ನಾನೇ ಒಬ್ಬರಿಗೆ "ಇವತ್ತೇ ಬಿಡ್ರಿ" ಅಂದಿದ್ದೆ. ನಾಲ್ಕನೇ ದಿನ ವಾಂತಿ, ಬಿಪಿ 80, ಮಾತಾಡಲೂ ತ್ರಾಣವಿಲ್ಲದೆ ಬಂದರು. ಪುಡಿ ನಿಂತಿತ್ತು, ಮಲಗಿದ ಗ್ರಂಥಿ ಎದ್ದಿರಲಿಲ್ಲ. ಕಾರ್ಟಿಸಾಲ್‌ನದೇ ಔಷಧಿ ರೂಪವಾದ ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ ನರಕ್ಕೆ ಕೊಟ್ಟು ಸಲೈನ್ ಹಾಕಿದ ಮೇಲೆ ಉಳಿದರು. ತಪ್ಪು ನನ್ನದೇ.

ಆಯಿಗೆ ಪುಡಿ ನಿಲ್ಲಿಸಿ ಅದೇ ದಿನ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದೆ, ಮೆಲ್ಲಗೆ ಇಳಿಸಲು. 7.5, ಆಮೇಲೆ 5 ಮಿಗ್ರಾಂ, ನಂತರ ಹೈಡ್ರೋಕಾರ್ಟಿಸೋನ್ ಬೆಳಗ್ಗೆ 10, ಮಧ್ಯಾಹ್ನ 5. ಸ್ಟಿರಾಯ್ಡ್ ಇಳಿಸಿದಷ್ಟೂ ಶುಗರ್ ಮಾತ್ರೆಯನ್ನೂ ಕಡಿಮೆ ಮಾಡಬೇಕು, ಇಲ್ಲಾಂದ್ರೆ ಶುಗರ್ ಕುಸಿಯುತ್ತದೆ. ಜ್ವರ ಬಂದರೆ ಸ್ಟಿರಾಯ್ಡ್ ಡೋಸ್ ಎರಡರಷ್ಟು ಅಂತ ಚೀಟಿ ಬರೆದು ರೇಷನ್ ಕಾರ್ಡಿನ ಕವರಿನಲ್ಲೇ ಇಡಿಸಿದೆ. ಅದು ಮನೆಯಲ್ಲಿ ಕಳೆಯಲ್ಲ, ಅಲ್ವಾ?

ಕಷ್ಟ ಇದ್ದದ್ದು ಎರಡನೇ ತಿಂಗಳು. ಸ್ಟಿರಾಯ್ಡ್ ಇಳಿದಾಗ ಮೈಕೈ ಎಲ್ಲ ನೋಯುತ್ತದೆ. "ಪುಡೀನೇ ಛಲೋ ಇತ್ರಿ" ಅಂತ ಅತ್ತರು. ಪ್ಯಾರಾಸಿಟಮಾಲ್ ಕೊಟ್ಟೆ, ಕುರ್ಚಿ ಮೇಲೆ ಕೂತು ಕಾಲು ಚಾಚುವ ವ್ಯಾಯಾಮ ಹೇಳಿಕೊಟ್ಟೆ. ಒಂದು ವಾರ ಡೋಸ್ ಇಳಿಸಲಿಲ್ಲ. ಪುಸ್ತಕದ ಲೆಕ್ಕಕ್ಕಿಂತ ಪೇಷಂಟ್ ಸಂತೆಗೆ ವಾಪಸ್ ಹೋಗದಿರುವುದು ನನಗೆ ಮುಖ್ಯ.

ಬೆಳಗಿನ ಡೋಸ್ ತಪ್ಪಿಸಿ ನೋಡಿದ ಕಾರ್ಟಿಸಾಲ್ ಮೂರನೇ ತಿಂಗಳು 3, ಆರನೇ ತಿಂಗಳು 7, ಎಂಟನೇ ತಿಂಗಳು 11. ಗ್ರಂಥಿ ಎದ್ದಿತ್ತು, ಅವತ್ತು ಸ್ಟಿರಾಯ್ಡ್ ಮಾತ್ರೆ ನಿಲ್ಲಿಸಿದೆ. ಕೈ ಊರದೆ ಎದ್ದರು. ಮೊಣಕಾಲು ಮಾತ್ರ ಇನ್ನೂ ನೋಯುತ್ತದೆ. ಈ ಸಲ ತೊಗರಿ ಕೊಯ್ಲಿಗೆ ಸೊಸೆ ಹೋದಳಂತೆ.