ಮನೆ ಮಾರುವ ಮುನ್ನ ಮೊದಲು ಬೆಳಕು, ಆಮೇಲೆ ನೆಲ

ಮನೆ ಮಾರಬೇಕು ಅಂದ ಕೂಡಲೇ ಟೈಲ್ಸ್ ಕೆಲಸದವರಿಗೆ ಫೋನ್ ಮಾಡಬೇಡಿ. ಸ್ವಲ್ಪ ತಡೆಯಿರಿ. ಬೆಳಕು ಸರಿಯಾದರೆ ನೆಲದ ಮೇಲಿನ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಉಳಿದರ್ಧ ಎಲ್ಲಿದೆ ಎಂದು ಕಣ್ಣಿಗೆ ಬೀಳುತ್ತದೆ.

ಒಂದು ಸಂಜೆ ಎಲ್ಲ ದೀಪ ಹಾಕಿ, ಹೊಸಬರಂತೆ ಬಾಗಿಲಿನಿಂದ ಒಳಗೆ ಬನ್ನಿ. ಒಂದೇ ಕೋಣೆಯಲ್ಲಿ ಒಂದು ಬಲ್ಬ್ ಹಳದಿ, ಇನ್ನೊಂದು ನೀಲಿ ಬಿಳಿ ಇದೆ ಅಲ್ವಾ? ಹಾಳಾದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಹಾಕುತ್ತಾ ಬಂದರೆ ಹೀಗೇ ಆಗುವುದು. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 2700ರಿಂದ 3000 ಬೆಚ್ಚಗಿನ ಹಳದಿ, 4000 ಸಾದಾ ಬಿಳಿ, 6500 ನೀಲಿ ಛಾಯೆಯದು. ಹಾಲ್, ಮಲಗುವ ಕೋಣೆಗೆ 3000, ಅಡುಗೆಮನೆಗೆ 4000 ಹಾಕಿ. ಒಂದು ಕೋಣೆಗೆ ಒಂದೇ ಸಂಖ್ಯೆ. ವ್ಯಾಟ್ ನೋಡಿ ಕೊಳ್ಳಬೇಡಿ, ಬೆಳಕಿನ ಅಳತೆಯಾದ ಲ್ಯೂಮೆನ್ ನೋಡಿ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕು ಸುಮಾರು 800 ಲ್ಯೂಮೆನ್. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಸಂಖ್ಯೆ ಸಿಆರ್‌ಐ; ಅದು 90 ಅಥವಾ ಜಾಸ್ತಿ ಇದ್ದರೆ ಮರ, ಬಣ್ಣ ಇದ್ದ ಹಾಗೇ ಕಾಣುತ್ತವೆ.

ದೀಪದ ಗಾಜಿನ ಬಟ್ಟಲು ಬಿಚ್ಚಿ ತೊಳೆಯಿರಿ. ಒಳಗೆ ಸತ್ತ ಹುಳುಗಳ ರಾಶಿಯೇ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಈ ಕೆಲಸಕ್ಕಿಳಿಯಿರಿ. ಕಿಟಕಿಯ ಗಾಜು, ಸೊಳ್ಳೆ ಪರದೆ ಕೂಡ ತೊಳೆದುಬಿಡಿ.

ಈಗ ನೆಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ನೆಲಕ್ಕೆ ಒರಗಿಸಿ ಹಚ್ಚಿ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಬಿರುಕು, ಏರುತಗ್ಗು ಎಲ್ಲ ಎದ್ದು ಕಾಣುತ್ತವೆ. ನಾಣ್ಯದಿಂದ ಟೈಲ್ಸ್ ತಟ್ಟಿ. ಪೊಳ್ಳು ಸದ್ದು ಬಂದರೆ ಅದರ ಅಡಿಯಲ್ಲಿ ಹಿಡಿತ ಬಿಟ್ಟಿದೆ ಎಂದು ಗುರುತು ಹಾಕಿಕೊಳ್ಳಿ. ಎಲ್ಲಾದರೂ ತೇವ ಇದ್ದರೆ ಮೊದಲು ಸೋರಿಕೆ ಹುಡುಕಿ. ಅದರ ಮೇಲೆ ಹೊಸ ನೆಲ ಹಾಸಿ ಮುಚ್ಚುವುದು ಕೊಳ್ಳುವವರಿಗೆ ಮಾಡುವ ಮೋಸ.

ಎಷ್ಟೋ ಮನೆಗಳಲ್ಲಿ ಹಳೆಯದಾಗಿ ಕಾಣುವುದು ಟೈಲ್ಸ್ ಅಲ್ಲ, ಸಂದಿಯಲ್ಲಿ ತುಂಬಿದ, ಕಪ್ಪಾದ ಗಾರೆ, ಅಂದರೆ ಗ್ರೌಟ್. ಉಜ್ಜಿದರೂ ಹೋಗದಿದ್ದರೆ ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಯಿರಿ. ಧೂಳು ಪೂರ್ತಿ ಹೋಗಲಿ, ಇಲ್ಲವಾದರೆ ಹೊಸದು ಹಿಡಿಯುವುದಿಲ್ಲ. ಗ್ರೌಟನ್ನು ಸಂದಿಗೆ ಓರೆಯಾಗಿ ಎಳೆದು ಒತ್ತಿ ತುಂಬಿಸಿ. ಸ್ವಲ್ಪ ಬಿಗಿಯಾದ ಮೇಲೆ ಹಿಂಡಿದ ಸ್ಪಂಜಿನಿಂದ ಟೈಲ್ಸ್ ಮೇಲ್ಮೈ ಒರೆಸಿ. ಸ್ಪಂಜಿನಲ್ಲಿ ನೀರು ಜಾಸ್ತಿಯಾದರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಒಂದು ದಿನ ಯಾರೂ ತುಳಿಯಬಾರದು. ಬಚ್ಚಲಿಗೆ ಸಿಮೆಂಟ್ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ವಾಸಿ, ಕಲೆ ಹಿಡಿಯುವುದು ಕಡಿಮೆ. ಆದರೆ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಕೈ ಪಳಗಿದವರಿಂದಲೇ ಮಾಡಿಸಿ.

ಮಾರ್ಬಲ್ ನೆಲಕ್ಕೆ ಆಸಿಡ್ ಸುರಿಯಲೇಬೇಡಿ. ವಿನಿಗರ್, ನಿಂಬೆರಸವೂ ಬೇಡ. ಮಾರ್ಬಲ್ ಸುಣ್ಣದ ಅಂಶದ ಕಲ್ಲು, ಹುಳಿ ತಾಗಿದ ಕಡೆ ಹೊಳಪು ಹೋಗಿ ಮಂಕಾಗುತ್ತದೆ. ಆಮೇಲೆ ಯಂತ್ರದ ಪಾಲಿಶ್ ಒಂದೇ ದಾರಿ. ಮರದ ನೆಲವಾದರೆ ನೀರು ಚೆಲ್ಲಿ ತೊಳೆಯಬೇಡಿ. ಹಿಂಡಿದ ಬಟ್ಟೆ ಸಾಕು.

ಹಳೆಯ ಟೈಲ್ಸ್ ಮೇಲೆಯೇ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಲಗೆ ಹಾಸುವ ಯೋಚನೆ ಇದೆಯೇ? ನೆಲ ಮಟ್ಟವಾಗಿದ್ದರೆ ಹಾಸಬಹುದು. ಬಾಗಿಲು ಉಜ್ಜುತ್ತದೆಯೇ ಎಂದು ಮಾತ್ರ ಮೊದಲೇ ಅಳೆಯಿರಿ. ನನ್ನನ್ನು ಕೇಳಿದರೆ, ಇಡೀ ಮನೆಯ ನೆಲ ಬದಲಿಸುವುದು ಸುಮ್ನೆ ಖರ್ಚು. ಕೊಳ್ಳುವವರು ತಮಗೆ ಬೇಕಾದ್ದನ್ನು ಆಮೇಲೆ ಹಾಕಿಸಿಕೊಳ್ಳುತ್ತಾರೆ.

ಗೋಡೆಗೆ ಬಣ್ಣ ಹೊಡೆಸುವುದಿದ್ದರೆ ಪಾಲಿಶ್‌ಗೂ ಮೊದಲೇ ಮುಗಿಸಿ. ಟೈಲ್ಸ್ ಮಿಕ್ಕಿದ್ದರೆ ಎಸೆಯಬೇಡಿ, ಬೀಗದ ಕೈ ಜೊತೆಗೆ ಕೊಂಡವರಿಗೇ ಕೊಟ್ಟುಬಿಡಿ.